ದುರಂತ ನಾಯಕ ಮತ್ತು ಕುರಿ ಕಾಯುವ ಆಳು

ಗ್ರೀಕ್ ದುರಂತ ನಾಟಕದ ನಾಯಕನ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಅವನ ಔನ್ನತ್ಯ, ಅವನ ದೋಷ, ಅವನ ಪತನ. ಆ ಪತನಕ್ಕೆ ಸಾಕ್ಷಿ ಹೇಳಲು ಎಳೆದು ತಂದವರ ಬಗ್ಗೆ ಮಾತು ಕಡಿಮೆ. ದಲಿತ ವಿಮರ್ಶೆ ಅಂತ ಒಂದು ಇರುವುದಾದರೆ ಅದು ಅಲ್ಲಿಂದ ಶುರುವಾಗಬೇಕು ಅನ್ನುವುದು ನನ್ನ ವಾದ.

ಕ್ರಿ.ಪೂ. ನಾಲ್ಕನೆಯ ಶತಮಾನದ ಅರಿಸ್ಟಾಟಲ್ ತನ್ನ 'ಕಾವ್ಯಮೀಮಾಂಸೆ'ಯಲ್ಲಿ ದುರಂತಕ್ಕೆ ತಕ್ಕ ನಾಯಕ ಯಾರು ಅಂತ ಹೇಳುತ್ತಾನೆ. ಕೀರ್ತಿ, ಸಂಪತ್ತು ಇರುವ ಈಡಿಪಸ್‌ನಂಥವನು. ನೀಚತನದಿಂದಲ್ಲ, 'ಹಮಾರ್ತಿಯ' ಎಂಬ ತಪ್ಪಿನಿಂದ ಬೀಳುವವನು. ಇದನ್ನು ಕಾಲೇಜುಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಅದೇ ಪುಸ್ತಕದಲ್ಲಿ ಇನ್ನೆರಡು ಮಾತಿವೆ. ಒಂದು: ಹೆಂಗಸಿನಲ್ಲೂ ಗುಲಾಮನಲ್ಲೂ ಒಳ್ಳೆಯತನ ಇರಬಹುದು, ಆದರೆ ಹೆಂಗಸು ಕೀಳು, ಗುಲಾಮ ತೀರಾ ನಿಕೃಷ್ಟ. ಎರಡು: ಒಳ್ಳೆಯವನು ಸುಖದಿಂದ ದುಃಖಕ್ಕೆ ಬೀಳುವುದನ್ನು ತೋರಿಸಿದರೆ ಅದು ಭಯವನ್ನೂ ಹುಟ್ಟಿಸುವುದಿಲ್ಲ, ಕರುಣೆಯನ್ನೂ ಹುಟ್ಟಿಸುವುದಿಲ್ಲ, ಅದು 'ಮಿಯರೋನ್'. ಈ ಪದಕ್ಕೆ ಜುಗುಪ್ಸೆ ಅಂತ ಅರ್ಥ ಹೇಳುತ್ತಾರೆ. ಮೂಲದಲ್ಲಿ ಅದು ಕೊಳೆಯ ಮಾತು, ಮೈಲಿಗೆಯ ಮಾತು. ತಪ್ಪು ಮಾಡದವನ ನೋವು ರಂಗದ ಮೇಲೆ ಬಂದರೆ ಮೈಲಿಗೆ! ಇದನ್ನು ಕೇಳಿ ಕಿವಿ ನಿಮಿರದ ದಲಿತ ಓದುಗ ಇರಲಾರ.

ಈಗ ನಾಟಕಕ್ಕೇ ಬರೋಣ. ಲಂಕೇಶ್ 'ದೊರೆ ಈಡಿಪಸ್' ಅಂತ ಕನ್ನಡಕ್ಕೆ ತಂದ ಸೊಫೋಕ್ಲಿಸ್‌ನ ನಾಟಕದಲ್ಲಿ ಒಬ್ಬ ಮುದುಕ ಬರುತ್ತಾನೆ. ಹೆಸರಿಲ್ಲ. ಲಾಯಸ್ ದೊರೆಯ ಮನೆಯಲ್ಲೇ ಹುಟ್ಟಿ ಬೆಳೆದ ಗುಲಾಮ, ಕುರಿ ಕಾಯುವವನು. ಹಸುಗೂಸನ್ನು ಬೆಟ್ಟದಲ್ಲಿ ಸಾಯಲು ಬಿಟ್ಟು ಬಾ ಅಂತ ರಾಣಿ ಇವನ ಕೈಗೆ ಕೊಟ್ಟಿದ್ದಳು. ಇವನಿಗೆ ಕರುಣೆ ಬಂತು. ಕಾರಿಂತಿನ ಇನ್ನೊಬ್ಬ ಕುರಿಗಾಹಿಗೆ ಕೊಟ್ಟುಬಿಟ್ಟ. ಆ ಕೂಸೇ ಈಡಿಪಸ್. ಇಡೀ ನಾಟಕದ ಮೂಲದಲ್ಲಿರುವ ಕರುಣೆ ಒಬ್ಬ ಆಳಿನದು. ಆದರೆ ಪ್ರೇಕ್ಷಕರ ಕರುಣೆಯೆಲ್ಲ ದೊರೆಗೆ.

ಮುದುಕ ಬಾಯಿ ಬಿಡಲು ಹಿಂಜರಿದಾಗ ದೊರೆ ಏನು ಮಾಡುತ್ತಾನೆ? ಅವನ ಕೈಗಳನ್ನು ಹಿಂದಕ್ಕೆ ತಿರುಚಿ ಕಟ್ಟಲು ಹೇಳುತ್ತಾನೆ. ಕೊಲ್ಲಿಸುತ್ತೇನೆ ಅನ್ನುತ್ತಾನೆ. ಅಥೆನ್ಸಿನ ಪ್ರೇಕ್ಷಕನಿಗೆ ಇದು ಹೊಸದೇನಲ್ಲ. ಅಲ್ಲಿನ ನ್ಯಾಯಾಲಯಗಳಲ್ಲಿ ಗುಲಾಮನ ಸಾಕ್ಷಿ ಸಾಮಾನ್ಯವಾಗಿ ಸಿಂಧುವಾಗುತ್ತಿದ್ದದ್ದು ಚಿತ್ರಹಿಂಸೆ ಕೊಟ್ಟು ಹೇಳಿಸಿದರೆ ಮಾತ್ರ. ಕೂಸನ್ನು ಉಳಿಸಿದ ಕೈಗಳನ್ನು ಆ ಕೂಸೇ ಬೆಳೆದು ಕಟ್ಟಿಸುತ್ತದೆ. ಸತ್ಯ ಹೊರಬಿದ್ದ ಮೇಲೆ ಮುದುಕ ಏನಾದ ಅಂತ ನಾಟಕ ಹೇಳುವುದಿಲ್ಲ. ದಾರಿಯಲ್ಲಿ ಲಾಯಸ್‌ನ ಜೊತೆ ಸತ್ತ ಆಳುಗಳ ವಿಚಾರಣೆಯೂ ನಡೆಯುವುದಿಲ್ಲ. ಅವರ ಸಾವಿಗೆ ಊರಿಗೆ ಪ್ಲೇಗು ಬರುವುದಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ಗ್ರೀಕ್ ಗುಲಾಮ ನಮ್ಮ ಅಸ್ಪೃಶ್ಯನಲ್ಲ. ಆ ಆಳು ಅರಮನೆಯ ಒಳಗೆ ಬೆಳೆದವನು, ರಾಜನ ಮಗುವನ್ನು ಎತ್ತಿಕೊಂಡವನು. ನಮ್ಮಲ್ಲಾದರೆ ಆ ಕೂಸು ಅವನ ಕೈಗೇ ಬರುತ್ತಿರಲಿಲ್ಲ. ಗುಲಾಮಗಿರಿ ಬೇರೆ, ಅಸ್ಪೃಶ್ಯತೆ ಬೇರೆ ಅನ್ನುವುದನ್ನು ಅಂಬೇಡ್ಕರ್ ಬಿಡಿಸಿ ಬರೆದಿದ್ದಾರೆ. ಎರಡನ್ನೂ ಕಲಸಿಬಿಟ್ಟರೆ ನಮ್ಮ ವಿಮರ್ಶೆಯೂ ಸೋಮಾರಿಯಾಗುತ್ತದೆ.

ಸೊಫೋಕ್ಲಿಸ್‌ನದೇ 'ಅಜಾಕ್ಸ್' ನಮಗೆ ಇನ್ನೂ ಹತ್ತಿರದ್ದು. ವೀರ ಅಜಾಕ್ಸ್ ಅವಮಾನ ತಾಳದೆ ಪ್ರಾಣ ಕಳೆದುಕೊಳ್ಳುತ್ತಾನೆ. ಹೆಣಕ್ಕೆ ಮಣ್ಣು ಕೊಡಬಾರದು ಅಂತ ಅರಸರ ಅಪ್ಪಣೆ. ಎದುರು ನಿಲ್ಲುವವನು ಮಲತಮ್ಮ ಟ್ಯೂಸರ್. ಅವನು ಬಿಲ್ಲುಗಾರ, ತಾಯಿ ಯುದ್ಧದಲ್ಲಿ ಸೆರೆಸಿಕ್ಕವಳು. ಮೆನೆಲಾಸ್ ಅವನ ಬಿಲ್ಲನ್ನು ಹಂಗಿಸುತ್ತಾನೆ, ಅಗಮೆಮ್ನಾನ್ ಅವನ ಹುಟ್ಟನ್ನು. ನಿನ್ನ ಪರವಾಗಿ ಮಾತಾಡಲು ಸ್ವತಂತ್ರನೊಬ್ಬನನ್ನು ಕರೆದು ತಾ, ನಿನ್ನ ಭಾಷೆ ನನಗೆ ತಿಳಿಯುವುದಿಲ್ಲ ಅನ್ನುತ್ತಾನೆ. ಟ್ಯೂಸರ್ ಸುಮ್ಮನಿರುವುದಿಲ್ಲ. ನಿನ್ನ ತಾತ ಯಾವ ದೇಶದವನು, ನಿಮ್ಮಪ್ಪ ತನ್ನ ಅಣ್ಣತಮ್ಮನಿಗೆ ಉಣಬಡಿಸಿದ್ದು ಏನು ಅಂತ ವಂಶವನ್ನೇ ಬಿಚ್ಚಿಡುತ್ತಾನೆ.

ಬಿ.ಎಂ.ಶ್ರೀ. ೧೯೨೯ರಲ್ಲಿ ಇದನ್ನು 'ಅಶ್ವತ್ಥಾಮನ್' ಮಾಡಿದರು. ಅಜಾಕ್ಸ್ ಜಾಗದಲ್ಲಿ ದ್ರೋಣನ ಮಗ. ಟ್ಯೂಸರ್ ಜಾಗದಲ್ಲಿ ಏಕಲವ್ಯ! ಬಿಲ್ಲೂ ಹೊಂದುತ್ತದೆ, ಹುಟ್ಟಿನ ಹಂಗಿಕೆಯೂ ಹೊಂದುತ್ತದೆ. ಆದರೆ ಟ್ಯೂಸರ್ ಕಾದದ್ದು ಒಡಹುಟ್ಟಿದವನ ಹೆಣವನ್ನು. ಏಕಲವ್ಯ ಕಾಯುವುದು ತನ್ನ ಹೆಬ್ಬೆಟ್ಟು ಕಿತ್ತುಕೊಂಡವನ ಮಗನ ಹೆಣವನ್ನು. ಗ್ರೀಕಿನಲ್ಲಿ ರಕ್ತಸಂಬಂಧವಾಗಿದ್ದದ್ದು ಇಲ್ಲಿ ನಿಷ್ಠೆಯಾಗಿದೆ. ದುರಂತ ನಾಯಕ ಮಾತ್ರ ಅಶ್ವತ್ಥಾಮನೇ.

ಯಾಕೆ ಏಕಲವ್ಯನಲ್ಲ? ಅರಿಸ್ಟಾಟಲ್‌ನ ಅಳತೆಗೋಲಿನಲ್ಲಿ ಉತ್ತರ ಸಿದ್ಧವಾಗಿದೆ. ಅವನಿಗೆ ಬೀಳಲು ಎತ್ತರವಿಲ್ಲ, ಹಮಾರ್ತಿಯವೂ ಇಲ್ಲ. ಕಲಿತದ್ದನ್ನು ತಪ್ಪು ಅನ್ನಲು ಆಗದು. ಹಾಗಾಗಿ ಅವನ ನೋವು ಮಿಯರೋನ್. ಅವನನ್ನೂ ದುರಂತ ನಾಯಕರ ಸಾಲಿನಲ್ಲಿ ಕೂರಿಸಿ ಅಂತ ನಾನು ಅರ್ಜಿ ಹಾಕುತ್ತಿಲ್ಲ. ಆ ಅಳತೆಗೋಲು ಯಾರ ಮನೆಯದು ಅಂತ ಕೇಳುತ್ತಿದ್ದೇನೆ. ಇನ್ನು ಮುಂದೆ ಎಲ್ಲೇ 'ಈಡಿಪಸ್' ಆಡಿದರೂ, ದೊರೆ ಕಣ್ಣು ಕಿತ್ತುಕೊಳ್ಳುವ ಮುಂಚೆ ಆ ಮುದುಕನ ಕೈ ಕಟ್ಟುವ ಗಳಿಗೆಯನ್ನು ಗೆಳೆಯರು ಸ್ವಲ್ಪ ಗಮನಿಸಿ ನೋಡಲಿ.