ಇಲ್ಲದ ಈಥರಿನ ಹೆಸರು

ತಂತಿಜಾಲ ಹಿರಿಯದು, ನಿಸ್ತಂತು ಜಾಲ ಅದರ ಕೂಸು ಎಂದು ಹಲವರು ಎಣಿಸುವುದುಂಟು. ನಾನು ಒಪ್ಪಲಾರೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ‘ಅಲೋಹಾ’ ಜಾಲದಲ್ಲಿ ಗಣಕಯಂತ್ರವನ್ನು ರೇಡಿಯೋ ಅಲೆಗಳಿಂದಲೇ ಬೆಸೆದರು. ಅಲ್ಲಿ ಯಾರು ಯಾವಾಗ ಬೇಕಾದರೂ ನುಡಿಯಬಹುದು. ಎರಡು ನುಡಿಗಳು ಡಿಕ್ಕಿಯಾದರೆ ಮನಬಂದಷ್ಟು ಹೊತ್ತು ಕಾದು ಮತ್ತೆ ನುಡಿಯಬೇಕು. ಇಂಥ ಗದ್ದಲದಲ್ಲಿ ಮಾರ್ಗದ ಶೇಕಡ 18ರಷ್ಟು ಮಾತ್ರವೇ ಸಾರ್ಥಕವಾದೀತು.

1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಈ ಪದ್ಧತಿಯನ್ನೇ ಕೇಬಲ್ಲಿಗೆ ಇಳಿಸಿದರು. ನುಡಿಯುವ ಮೊದಲೂ ನುಡಿಯುವಾಗಲೂ ಕಿವಿಗೊಡಬೇಕೆಂಬ ನಿಯಮವನ್ನು ಸೇರಿಸಿದರು. ಇಟ್ಟ ಹೆಸರು ‘ಈಥರ್‌ನೆಟ್’. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿ ಹುಡುಕಿ ಕಾಣದೆ ಹೋದ ಈಥರ್ ಹೀಗೆ ತಾಮ್ರದ ತಂತಿಯಲ್ಲಿ ಮರುಹುಟ್ಟು ಪಡೆಯಿತು!

1997ರಲ್ಲಿ ನಿಸ್ತಂತು ಸ್ಥಳೀಯ ಜಾಲಕ್ಕೂ ನಿಯಮಾವಳಿ ಬಂದಿತು. ಆದರೆ ರೇಡಿಯೋಗೆ ನುಡಿಯುವಾಗ ತನ್ನ ದನಿಯೇ ಕಿವುಡು. ಆದುದರಿಂದ ಅದು ಮುಂಚೆಯೇ ತುಸು ಕಾಯುತ್ತದೆ, ತಲುಪಿತೆಂಬ ಮರುಸುದ್ದಿ ಬಾರದಿದ್ದರೆ ಮತ್ತೆ ಕಳುಹಿಸುತ್ತದೆ.