ಮೈಸೂರು ಸಂಸ್ಥಾನವೂ ಭಾರತದ ಒಕ್ಕೂಟವೂ: 1930–1950

ಒಂದು ಖಂಡದಷ್ಟು ವಿಸ್ತಾರವಾದ ಭೂಭಾಗದಲ್ಲಿ ಹಂಚಿಹೋಗಿದ್ದ ರಾಜ್ಯಗಳನ್ನು ಒಂದೇ ರಾಜಕೀಯ ವ್ಯವಸ್ಥೆಗೆ ತರುವ ಯತ್ನಗಳು ಇಪ್ಪತ್ತನೆಯ ಶತಮಾನದಲ್ಲಿ ಹಲವು ಕಡೆ ನಡೆದುವು. 1930ನೆಯ ಇಸವಿಯ ಮೇ ತಿಂಗಳಲ್ಲಿ ಫ್ರಾನ್ಸಿನ ವಿದೇಶಾಂಗ ಮಂತ್ರಿ ಅರಿಸ್ಟೀಡ್ ಬ್ರಿಯಾಂ ಯೂರೋಪಿನ ಸರ್ಕಾರಗಳ ಮುಂದೆ ಒಕ್ಕೂಟದ ಯೋಜನೆಯೊಂದನ್ನು ಇಟ್ಟನು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಲಂಡನ್ನಿನಲ್ಲಿ ಸೇರಿದ ಮೊದಲನೆಯ ದುಂಡುಮೇಜಿನ ಪರಿಷತ್ತಿನಲ್ಲಿ, ಬ್ರಿಟಿಷ್ ಪ್ರಾಂತ್ಯಗಳನ್ನೂ ದೇಶೀಯ ಸಂಸ್ಥಾನಗಳನ್ನೂ ಕೂಡಿಸಿ ಭಾರತದ ಒಕ್ಕೂಟವನ್ನು ಕಟ್ಟುವ ವಿಚಾರ ಮುಂದೆ ಬಂದಿತು. ಮೊದಲನೆಯ ಯೋಜನೆ ಕೆಲವು ವರ್ಷಗಳಲ್ಲಿಯೇ ಕಡತ ಸೇರಿತು. ಎರಡನೆಯದು ಅಂದಿನ ರೂಪದಲ್ಲಿ ವಿಫಲವಾದರೂ ಇಪ್ಪತ್ತು ವರ್ಷಗಳೊಳಗೆ ಬೇರೊಂದು ರೂಪದಲ್ಲಿ ಕೈಗೂಡಿತು. ಹೀಗೇಕಾಯಿತೆಂಬುದನ್ನು ಮೈಸೂರು ಸಂಸ್ಥಾನದ ಚರಿತ್ರೆಯ ಮೂಲಕ ವಿಚಾರಮಾಡುವುದು ಈ ಲೇಖನದ ಉದ್ದೇಶ. ಅರಸರ ನಡುವಣ ಒಪ್ಪಂದವಾಗಿದ್ದಷ್ಟು ಕಾಲ ಒಕ್ಕೂಟವು ಲೆಕ್ಕಾಚಾರದ ವಿಷಯವಾಗಿ ಉಳಿಯಿತು. ಸಂಸ್ಥಾನದ ಒಳಗೆ ಪ್ರಜೆಗಳು ಅದನ್ನು ತಮ್ಮದೆಂದು ಎತ್ತಿಕೊಂಡ ಮೇಲೆಯೇ ಅದಕ್ಕೆ ಜೀವ ಬಂದಿತು ಎಂಬುದು ನಮ್ಮ ಅಭಿಪ್ರಾಯ.

ಪೊಗದಿಯೂ ದಂಡೂ

ಅವಿಭಕ್ತ ಭಾರತದಲ್ಲಿ ಸುಮಾರು 560 ಸಂಸ್ಥಾನಗಳಿದ್ದುವು. ಭೂವಿಸ್ತಾರದಲ್ಲಿ ಐದನೆಯ ಎರಡು ಪಾಲೂ ಜನಸಂಖ್ಯೆಯಲ್ಲಿ ಸುಮಾರು ನಾಲ್ಕನೆಯ ಒಂದು ಪಾಲೂ ಅವಕ್ಕೆ ಸೇರಿತ್ತು. ಇವುಗಳಲ್ಲಿ ಮೈಸೂರಿನ ಸ್ಥಿತಿ ವಿಶಿಷ್ಟವಾದುದು. 1799ರ ಒಪ್ಪಂದದಂತೆ, ಬ್ರಿಟಿಷ್ ಸೇನೆಯ ರಕ್ಷಣೆಗಾಗಿ ವರ್ಷಕ್ಕೆ ಏಳು ಲಕ್ಷ ವರಹಗಳನ್ನು, ಎಂದರೆ ಸುಮಾರು 24½ ಲಕ್ಷ ರೂಪಾಯಿಗಳನ್ನು, ಮೈಸೂರು ಪೊಗದಿಯಾಗಿ ಸಲ್ಲಿಸಬೇಕಾಗಿತ್ತು. 1881ರಲ್ಲಿ ರಾಜ್ಯವು ಒಡೆಯರ ಮನೆತನಕ್ಕೆ ಮರಳಿ ದೊರೆತಾಗ ಈ ಮೊತ್ತವು 35 ಲಕ್ಷಕ್ಕೆ ಏರಿತು. ಹೆಚ್ಚಿದ ಭಾಗದ ವಸೂಲಿ 1896ರವರೆಗೆ ಮುಂದಕ್ಕೆ ಹೋಯಿತು. ಲಾರ್ಡ್ ಇರ್ವಿನ್ನನ ಕಾಲದಲ್ಲಿ ಈ ಹೆಚ್ಚಳವು ರದ್ದಾದ ಮೇಲೂ ಮೂಲ ಪೊಗದಿ ಉಳಿಯಿತು. ಬೇರಾವ ಸಂಸ್ಥಾನವೂ ಇಷ್ಟು ದೊಡ್ಡ ಮೊತ್ತವನ್ನು ಸಲ್ಲಿಸುತ್ತಿರಲಿಲ್ಲ. ಇದರ ಜೊತೆಗೆ, 1809ರಲ್ಲಿ ಸ್ಥಾಪಿತವಾದ ಬೆಂಗಳೂರು ದಂಡಿನ ಪ್ರದೇಶವು 1881ರ ಅನಂತರ ಬ್ರಿಟಿಷರ ಆಡಳಿತಕ್ಕೆ ಬಿಟ್ಟುಕೊಟ್ಟ ಭಾಗವಾಯಿತು. ಸಂಸ್ಥಾನದ ಅತಿ ದೊಡ್ಡ ಪಟ್ಟಣದ ಅರ್ಧದಲ್ಲಿ ಸಂಸ್ಥಾನದ ಕಾನೂನು ನಡೆಯುತ್ತಿರಲಿಲ್ಲ.

1929ರಲ್ಲಿ ಹೊರಬಂದ ಬಟ್ಲರ್ ಸಮಿತಿಯ ವರದಿಯು, ಬ್ರಿಟಿಷ್ ಸಿಂಹಾಸನದ ಪರಮಾಧಿಕಾರಕ್ಕೆ ಮಿತಿಯನ್ನು ಹೇಳಲು ನಿರಾಕರಿಸಿತು. ಆದರೆ ಅರಸರ ಒಪ್ಪಿಗೆಯಿಲ್ಲದೆ ಅವರ ಸಂಬಂಧವನ್ನು ಭಾರತೀಯ ಶಾಸನಸಭೆಗೆ ಹೊಣೆಯಾದ ಸರ್ಕಾರಕ್ಕೆ ವರ್ಗಾಯಿಸಲಾಗದೆಂದೂ ಹೇಳಿತು. ಈ ಹಿನ್ನೆಲೆಯಲ್ಲಿ, ತೇಜ್ ಬಹಾದುರ್ ಸಪ್ರೂ ಅವರು ಪರಿಷತ್ತಿನಲ್ಲಿ ಒಕ್ಕೂಟದ ಪ್ರಸ್ತಾಪ ಮಾಡಿದಾಗ ಬಿಕಾನೇರಿನ ಮಹಾರಾಜರು ಅದನ್ನು ಸ್ವಾಗತಿಸಿದುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಿತು. ಮೈಸೂರಿನ ಪರವಾಗಿ ಅಲ್ಲಿದ್ದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರೂ ಒಕ್ಕೂಟದ ತತ್ತ್ವವನ್ನು ಬೆಂಬಲಿಸಿದರು. ಆದರೆ ಸೇರುವ ಮುನ್ನ ಪೊಗದಿ ಹೋಗಬೇಕು, ದಂಡು ಹಿಂತಿರುಗಬೇಕು ಎಂಬುದು ಮೈಸೂರಿನ ಬೇಡಿಕೆ. ಒಕ್ಕೂಟದ ಇತರ ಅಂಗಗಳಂತೆ ತೆರಿಗೆಯ ಭಾರವನ್ನೂ ಹೊತ್ತು, ಸೋತವನಂತೆ ಕಪ್ಪವನ್ನೂ ಕೊಡುವುದು ಸಮಾನರ ಕೂಟಕ್ಕೆ ಒಪ್ಪುವ ಮಾತಲ್ಲವೆಂಬ ಈ ವಾದದಲ್ಲಿ ನ್ಯಾಯವಿತ್ತು. 1932ರಲ್ಲಿ ಡೇವಿಡ್ಸನ್ ಸಮಿತಿಯು ಪೊಗದಿಗಳನ್ನು ಹಂತಹಂತವಾಗಿ ತೆಗೆದುಹಾಕುವುದು ಯುಕ್ತವೆಂದು ಒಪ್ಪಿತಾದರೂ, ಪ್ರತಿಯೊಂದು ಸಂಸ್ಥಾನವೂ ಅನುಭವಿಸುತ್ತಿದ್ದ ರಿಯಾಯಿತಿಗಳನ್ನು ಅದರ ಎದುರಿಗೆ ತೂಗಿ ನೋಡಬೇಕೆಂದಿತು. ಹೀಗೆ ರಾಷ್ಟ್ರನಿರ್ಮಾಣದ ಪ್ರಶ್ನೆಯು ಜಮಾಖರ್ಚಿನ ಪ್ರಶ್ನೆಯಾಗಿ ಮಾರ್ಪಟ್ಟಿತು.

1935ರ ಶಾಸನದ ಒಕ್ಕೂಟ

1935ರ ಭಾರತ ಸರ್ಕಾರದ ಶಾಸನದಲ್ಲಿ ಒಕ್ಕೂಟಕ್ಕೆ ಪೂರ್ಣ ವಿಧಾನವನ್ನು ರಚಿಸಲಾಗಿತ್ತು. ಕೆಳಮನೆಯ 375 ಸ್ಥಾನಗಳಲ್ಲಿ 125, ಮೇಲ್ಮನೆಯ 260ರಲ್ಲಿ 104 ಸ್ಥಾನಗಳು ಸಂಸ್ಥಾನಗಳಿಗೆ ಮೀಸಲು. ಸಂಸ್ಥಾನಗಳ ಒಟ್ಟು ಜನಸಂಖ್ಯೆಯಲ್ಲಿ ಅರ್ಧವನ್ನೂ ಮೇಲ್ಮನೆಯಲ್ಲಿ ಅವುಗಳ ಸ್ಥಾನಗಳ ಅರ್ಧವನ್ನೂ ಪ್ರತಿನಿಧಿಸುವಷ್ಟು ಅರಸರು ಸೇರ್ಪಡೆ ಪತ್ರಕ್ಕೆ ಸಹಿ ಮಾಡಿದರೆ ಮಾತ್ರ ಒಕ್ಕೂಟ ಅಸ್ತಿತ್ವಕ್ಕೆ ಬರುವಂತಿತ್ತು. ಸಂಸ್ಥಾನಗಳ ಪ್ರತಿನಿಧಿಗಳನ್ನು ನೇಮಿಸತಕ್ಕವರು ಅರಸರು. ಪ್ರಜೆಗಳು ಚುನಾಯಿಸಬೇಕೆಂಬ ವಿಧಿ ಇರಲಿಲ್ಲ.

ಈ ಅಂಶವು ಮೈಸೂರಿನ ಜನರಿಗೆ ವಿಶೇಷವಾಗಿ ಅಸಮಾಧಾನವನ್ನುಂಟುಮಾಡಿದುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆಯೂ 1907ರಿಂದ ನ್ಯಾಯವಿಧಾಯಕ ಸಭೆಯೂ ಕೆಲಸಮಾಡುತ್ತಿದ್ದುವು. ಮಂತ್ರಿಮಂಡಲವು ಇವುಗಳಿಗೆ ಹೊಣೆಯಾಗಿರಲಿಲ್ಲವಾದರೂ, ಚರ್ಚೆಯ ಅಭ್ಯಾಸವೂ ಚುನಾವಣೆಯ ಅಭ್ಯಾಸವೂ ಜನರಿಗೆ ಆಗಿತ್ತು. 1937ರಲ್ಲಿ ಪ್ರಜಾ ಸಂಯುಕ್ತ ಪಕ್ಷವು ಮೈಸೂರು ಕಾಂಗ್ರೆಸ್ಸಿನಲ್ಲಿ ವಿಲೀನವಾದ ಮೇಲೆ, ಜವಾಬ್ದಾರಿ ಸರ್ಕಾರದ ಬೇಡಿಕೆಯೂ ಭಾರತದೊಡನೆ ಒಂದಾಗುವ ಬೇಡಿಕೆಯೂ ಒಂದೇ ಮಾತಿನ ಎರಡು ಮುಖಗಳಾದುವು.

1938ರ ಏಪ್ರಿಲ್ ತಿಂಗಳು ಈ ದೃಷ್ಟಿಯಿಂದ ಮುಖ್ಯವಾದುದು. ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧವನ್ನು ಮೀರಿ ತ್ರಿವರ್ಣ ಧ್ವಜವನ್ನು ಹಾರಿಸಲಾಯಿತು. ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರವಿತ್ತು. ಬಳಿಕ ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು ದಿವಾನರೊಡನೆ ಮಾತುಕತೆ ನಡೆಸಿದರು. ಆಗ ಆದ ಒಪ್ಪಂದದಂತೆ ಮೈಸೂರು ಕಾಂಗ್ರೆಸ್ಸಿಗೆ ಮನ್ನಣೆ ದೊರೆಯಿತು. ಸಭೆಗಳಲ್ಲಿ ಸಂಸ್ಥಾನದ ಧ್ವಜವನ್ನೂ ಕಾಂಗ್ರೆಸ್ ಧ್ವಜವನ್ನೂ ಜೊತೆಯಾಗಿ ಹಾರಿಸಲು ಅನುಮತಿಯಾಯಿತು. ಒಂದೇ ಅಂಗಳದಲ್ಲಿ ಎರಡು ಧ್ವಜಗಳು ಹಾರುವುದೆಂದರೆ, ಒಬ್ಬನೇ ಮನುಷ್ಯನು ಎರಡು ರಾಜಕೀಯ ಸಮುದಾಯಗಳಿಗೆ ಸೇರಿದವನಾಗಿರಬಹುದು ಎಂದರ್ಥ. ಒಕ್ಕೂಟದ ಮೂಲತತ್ತ್ವ ಇದೇ ಅಲ್ಲವೆ? ಲಂಡನ್ನಿನಲ್ಲಿ ಮೂರು ಅಧಿವೇಶನಗಳು ಮುಗಿದರೂ ಸಿಕ್ಕದಿದ್ದ ಸೂತ್ರವು ಇಲ್ಲಿ ರಕ್ತ ಸುರಿದ ಮೇಲೆ ಸಿಕ್ಕಿತು.

ಇತ್ತ ಶಾಸನದ ಒಕ್ಕೂಟವು ಅರಸರ ಹಿಂಜರಿಕೆಯಿಂದಲೂ ಕಾಂಗ್ರೆಸ್ ಮತ್ತು ಮುಸ್ಲಿಂ ಲೀಗುಗಳ ವಿರೋಧದಿಂದಲೂ ಕುಂಟುತ್ತಲೇ ಇತ್ತು. 1939ರ ಸೆಪ್ಟೆಂಬರಿನಲ್ಲಿ, ಯುದ್ಧದ ಕಾರಣವನ್ನು ಹೇಳಿ, ವೈಸರಾಯ್ ಲಿನ್ಲಿತ್‌ಗೋ ಅದರ ಸಿದ್ಧತೆಯನ್ನು ನಿಲ್ಲಿಸಿದನು.

ಸೇರ್ಪಡೆಯಿಂದ ಸಂವಿಧಾನದವರೆಗೆ

1947ರಲ್ಲಿ ಪರಿಸ್ಥಿತಿ ಸಂಪೂರ್ಣವಾಗಿ ಬದಲಾಯಿಸಿತ್ತು. ಆಗಸ್ಟ್ 15ರಂದು ಪರಮಾಧಿಕಾರವು ಕೊನೆಗೊಳ್ಳುವುದರಲ್ಲಿತ್ತು. ಜುಲೈ 26ರಂದು ಬೆಂಗಳೂರು ದಂಡು ಮೈಸೂರಿಗೆ ಮರಳಿತು. ತಿರುವಾಂಕೂರಿನ ದಿವಾನರು ಜೂನ್ ತಿಂಗಳಲ್ಲಿ ಸ್ವಾತಂತ್ರ್ಯದ ಮಾತನ್ನಾಡಿದ್ದರು. ಹೈದರಾಬಾದು ಹೊರಗುಳಿದು, 1948ರ ಸೆಪ್ಟೆಂಬರಿನಲ್ಲಿ ಸೈನಿಕ ಕಾರ್ಯಾಚರಣೆಯಾಗುವವರೆಗೂ ಹಟ ಹಿಡಿಯಿತು. ಮೈಸೂರಿನ ಮಹಾರಾಜ ಶ್ರೀ ಜಯಚಾಮರಾಜ ಒಡೆಯರವರು 1947ರ ಆಗಸ್ಟ್ 9ರಂದು ಸೇರ್ಪಡೆ ಪತ್ರಕ್ಕೆ ಸಹಿ ಮಾಡಿದರು. ಒಕ್ಕೂಟಕ್ಕೆ ಬಿಟ್ಟುಕೊಟ್ಟದ್ದು ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ಎಂಬ ಮೂರು ವಿಷಯಗಳು ಮಾತ್ರ.

ಆದರೆ ಸಂಸ್ಥಾನವು ಸೇರಿದ ಮಾತ್ರಕ್ಕೆ ಪ್ರಜೆಗಳಿಗೆ ಅಧಿಕಾರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಆರಂಭವಾದ ‘ಮೈಸೂರು ಚಲೋ’ ಚಳವಳಿಯ ಕಾರಣ ಇದೇ. ಅಕ್ಟೋಬರಿನಲ್ಲಿ ರಾಜಿಯಾಗಿ, ಕೆ. ಸಿ. ರೆಡ್ಡಿಯವರ ನೇತೃತ್ವದಲ್ಲಿ ಜನಪ್ರತಿನಿಧಿ ಮಂತ್ರಿಮಂಡಲ ಏರ್ಪಟ್ಟಿತು. ಮೂರು ವಿಷಯಗಳ ಸಡಿಲವಾದ ಕೂಟವು ಎರಡು ವರ್ಷಗಳಲ್ಲಿ ಬಿಗಿಯಾದ ಒಕ್ಕೂಟವಾದುದು ಈ ಬದಲಾವಣೆಯ ಅನಂತರವೇ ಎಂಬುದನ್ನು ಗಮನಿಸಬೇಕು. ಮೈಸೂರಿಗಾಗಿ ಪ್ರತ್ಯೇಕ ಸಂವಿಧಾನವನ್ನು ರಚಿಸಲು ಏರ್ಪಟ್ಟಿದ್ದ ಸಂವಿಧಾನ ಸಭೆಯು ಆ ಕೆಲಸವನ್ನು ಕೈಬಿಟ್ಟು ಭಾರತದ ಸಂವಿಧಾನವನ್ನೇ ಅಂಗೀಕರಿಸಲು ಸಲಹೆಮಾಡಿತು. ಮಹಾರಾಜರು 1949ರ ನವೆಂಬರ್ 25ರಂದು ಅದಕ್ಕೆ ಅನುಗುಣವಾದ ಘೋಷಣೆಯನ್ನು ಹೊರಡಿಸಿದರು. ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರು ಭಾರತದ ಸಂವಿಧಾನದ ಕರಡು ಸಮಿತಿಯ ಸದಸ್ಯರಾಗಿದ್ದರು.

ಇದನ್ನು ಎಲ್ಲರೂ ಹರ್ಷದಿಂದಲೇ ಸ್ವೀಕರಿಸಿದರೆಂದು ಹೇಳಲಾಗದು. ಮೈಸೂರಿನ ಪ್ರತಿನಿಧಿಯಾಗಿ ಭಾರತದ ಸಂವಿಧಾನ ಸಭೆಯಲ್ಲಿದ್ದ ಕೆ. ಹನುಮಂತಯ್ಯನವರು, ವೀಣೆ ಅಥವಾ ಸಿತಾರಿನ ನಾದವನ್ನು ಬಯಸಿದ್ದವರಿಗೆ ಇಂಗ್ಲಿಷ್ ಬ್ಯಾಂಡಿನ ವಾದ್ಯ ಕೇಳಿಬರುತ್ತಿದೆಯೆಂದು ಹೇಳಿ, ಕೇಂದ್ರವು ಅತಿಯಾಗಿ ಬಲವಾಯಿತೆಂಬ ಅಸಮಾಧಾನವನ್ನು ಸೂಚಿಸಿದರು. 1950ರ ಏಪ್ರಿಲ್ 1ರಿಂದ ಮೈಸೂರಿನ ರೈಲ್ವೆಯೂ ಕೇಂದ್ರದ ವಶವಾಯಿತು. ಪೊಗದಿ ತಪ್ಪಿತು, ದಂಡು ಬಂದಿತು. ಆದರೆ ಸಂಸ್ಥಾನವು ತಾನೇ ಕಟ್ಟಿ ಬೆಳೆಸಿದ್ದ ಕೆಲವು ಸಾಧನಗಳು ಕೈಬಿಟ್ಟುವು.

ಬೆಂಗಳೂರಿನ ಹೊರವಲಯದ ಸಾಕ್ಷ್ಯ

ಇದಕ್ಕೆ ಪ್ರತಿಯಾಗಿ ದೊರೆತುದೇನು? ಇದನ್ನು ಅಳೆಯಲು ಬೆಂಗಳೂರಿನ ಹೊರವಲಯದಷ್ಟು ಒಳ್ಳೆಯ ಸಾಕ್ಷಿ ಬೇರೆಯಿಲ್ಲ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆಗೆ ಮರುವರ್ಷವೇ ಭಾರತ ಸರ್ಕಾರವೂ ಪಾಲುದಾರನಾಯಿತು. 1948ರಲ್ಲಿ ವೈಟ್‌ಫೀಲ್ಡಿನ ಕಡೆಗೆ ಹೋಗುವ ದಾರಿಯಲ್ಲಿ, ಕೃಷ್ಣರಾಜಪುರದ ಬಳಿ, ದೂರವಾಣಿ ಕಾರ್ಖಾನೆ ಆರಂಭವಾಯಿತು. 1953ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿ ನೆಲೆಗೊಂಡುವು. ಸೇರ್ಪಡೆ ಪತ್ರದಲ್ಲಿ ಬರಿಯ ಶಬ್ದಗಳಾಗಿದ್ದ ‘ರಕ್ಷಣೆ’, ‘ಸಂಪರ್ಕ’ ಎಂಬೆರಡು ವಿಷಯಗಳು ಇಲ್ಲಿ ಕಾರ್ಖಾನೆಗಳ ರೂಪವನ್ನು ತಾಳಿದುವು ಎಂದರೆ ಅತಿಶಯೋಕ್ತಿಯಾಗದು. ಸಂಸ್ಥಾನವೊಂದರ ಅಗತ್ಯಕ್ಕಾಗಿ ಮಾತ್ರ ಇಂಥ ಉದ್ಯಮಗಳನ್ನು ಯಾರೂ ಕಟ್ಟುತ್ತಿರಲಿಲ್ಲ; ದೇಶವೆಲ್ಲ ಒಂದೇ ಮಾರುಕಟ್ಟೆಯಾದುದೇ ಅವುಗಳ ಆಧಾರ. ಜಾಲಹಳ್ಳಿಗೆ ಹೊಂದಿದ ಪೀಣ್ಯದ ಸಣ್ಣ ಕೈಗಾರಿಕೆಗಳೂ, ಮುಂದೆ 1970ರ ದಶಕದ ಕೊನೆಯಲ್ಲಿ ರಾಜ್ಯದ ಕಿಯೋನಿಕ್ಸ್ ಸಂಸ್ಥೆಯು ರೂಪಿಸಿದ ಎಲೆಕ್ಟ್ರಾನಿಕ್ ಸಿಟಿಯೂ ಈ ಬುನಾದಿಯ ಅನುಕೂಲವನ್ನು ಪಡೆದುವು.

ಉಪಸಂಹಾರ

ಬ್ರಿಯಾಂನ ಯೋಜನೆಯು ರಾಷ್ಟ್ರಗಳ ಸಾರ್ವಭೌಮತ್ವಕ್ಕೆ ಯಾವ ಕುಂದೂ ಬಾರದೆಂಬ ಭರವಸೆಯೊಡನೆ ಹೊರಟಿತ್ತು. ಅದರಿಂದಲೇ ಅದಕ್ಕೆ ಬಲ ಬರಲಿಲ್ಲ. 1963ರಲ್ಲಿ ಅಡಿಸ್ ಅಬಾಬಾದಲ್ಲಿ ಆಫ್ರಿಕದ ನಾಯಕರು ಸೇರಿದಾಗ, ಘಾನಾದ ಎನ್‌ಕ್ರುಮಾ ಖಂಡಕ್ಕೆಲ್ಲ ಒಂದೇ ಸರ್ಕಾರ ಬೇಕೆಂದು ವಾದಿಸಿದರೂ, ಸ್ಥಾಪಿತವಾದುದು ಪ್ರತಿಯೊಂದು ರಾಜ್ಯದ ಸಾರ್ವಭೌಮತ್ವವನ್ನು ಕಾಯುವ ಸಂಘಟನೆ. ಯೂರೋಪಿನಲ್ಲಿಯೂ 1951ರ ಕಲ್ಲಿದ್ದಲು–ಉಕ್ಕಿನ ಒಪ್ಪಂದದಂಥ ಮಿತವಾದ ವಿಷಯದಿಂದ ಆರಂಭಿಸಿದ ಮೇಲೆಯೇ ಒಗ್ಗಟ್ಟಿಗೆ ನೆಲೆ ದೊರೆಯಿತು.

ಭಾರತದಲ್ಲಿಯೂ ಬ್ರಿಟಿಷರ ನಿರ್ಗಮನದ ಅವಸರ, ಪಟೇಲರ ಮತ್ತು ವಿ. ಪಿ. ಮೆನನ್ನರ ಚಾತುರ್ಯ, ಕೆಲವು ಕಡೆ ಬಲಪ್ರಯೋಗ, ಇವೆಲ್ಲವೂ ಕೆಲಸಮಾಡಿದುವು. ಎಲ್ಲವನ್ನೂ ಜನಶಕ್ತಿಗೇ ಆರೋಪಿಸುವುದು ಚರಿತ್ರೆಗೆ ಅಪಚಾರವಾದೀತು. ಆದರೆ ಒತ್ತಾಯದಿಂದ ಸಹಿಯನ್ನು ಪಡೆಯಬಹುದೇ ಹೊರತು ಸಹಬಾಳ್ವೆಯನ್ನು ಪಡೆಯಲಾಗದು. ಮೈಸೂರಿನಲ್ಲಿ ಆ ಸಹಬಾಳ್ವೆಗೆ ಶಿವಪುರ, ವಿದುರಾಶ್ವತ್ಥಗಳಲ್ಲಿ ನೆರೆದ ಸಾಮಾನ್ಯ ಜನ ಮೊದಲೇ ಒಪ್ಪಿಗೆ ಕೊಟ್ಟಿದ್ದರು. ಕೇಂದ್ರಕ್ಕೂ ರಾಜ್ಯಗಳಿಗೂ ತೆರಿಗೆಯ ಹಂಚಿಕೆಯ ವಿಷಯದಲ್ಲಿ ವಿವಾದಗಳು ಇಂದಿಗೂ ಏಳುತ್ತಿರುತ್ತವೆ. ಪೊಗದಿಯ ಕಾಲದ ಆ ಹಳೆಯ ಪ್ರಶ್ನೆಯನ್ನು, ಅಂದರೆ ಸಮಾನರ ಕೂಟದಲ್ಲಿ ಯಾರು ಎಷ್ಟು ಕೊಡಬೇಕು, ಏನನ್ನು ಪಡೆಯಬೇಕು ಎಂಬುದನ್ನು, ಅರಸರ ಪತ್ರವ್ಯವಹಾರದಲ್ಲಿ ಮಾತ್ರವಲ್ಲದೆ ಪ್ರಜಾಪ್ರತಿನಿಧಿ ಸಭೆಯ ನಡವಳಿಕೆಗಳಲ್ಲಿಯೂ ಹುಡುಕಿ ಅಭ್ಯಾಸಮಾಡುವುದು ನಮ್ಮ ವಿದ್ಯಾರ್ಥಿಗಳಿಗೆ ಯೋಗ್ಯವಾದ ಕೆಲಸವೆಂದು ನಾವು ಭಾವಿಸುತ್ತೇವೆ.