ವೀಸ್‌ಬಾಡೆನ್ನಿನ ಕಡೆಯ ಆಟ

ಯಾವಾಗ ಏಳಬೇಕೆಂಬುದು ಜೂಜುಗಾರನಿಗೆ ತಿಳಿಯುವುದಿಲ್ಲವೆಂದು ಸಾಮಾನ್ಯವಾಗಿ ಹೇಳುವುದುಂಟು. ರಷ್ಯದ ಕಾದಂಬರಿಕಾರ ದಾಸ್ತೊಯೆವ್‌ಸ್ಕಿಯ ಪತ್ರಗಳನ್ನು ಓದಿದ ಮೇಲೆ ಈ ಮಾತಿನಲ್ಲಿ ನನಗೆ ನಂಬಿಕೆ ಉಳಿದಿಲ್ಲ. ಆತನಿಗೆ ಅದು ಚೆನ್ನಾಗಿಯೇ ತಿಳಿದಿತ್ತು.

1863ರಲ್ಲಿ ಜರ್ಮನಿಯ ವೀಸ್‌ಬಾಡೆನ್ ನಗರದಲ್ಲಿ ರೂಲೆಟ್ ಆಡಿ ಆತ 10,400 ಫ್ರಾಂಕು ಗೆದ್ದ. ಹಣವನ್ನು ಕೋಣೆಗೆ ತಂದು, ಚೀಲದಲ್ಲಿಟ್ಟು ಬೀಗ ಹಾಕಿ, ಮರುದಿನವೇ ಊರು ಬಿಡುವುದೆಂದು ನಿಶ್ಚಯಿಸಿದ. ಆದರೂ ಮತ್ತೆ ಹೋದ, ಅರ್ಧ ಕಳೆದ. ತಲೆಯನ್ನು ತಣ್ಣಗಿಟ್ಟುಕೊಂಡು ಆಡಿದರೆ ಸೋಲೇ ಇಲ್ಲವೆಂಬ ಸೂತ್ರವನ್ನೂ ಆ ದಿನಗಳಲ್ಲಿ ಬರೆದಿದ್ದಾನೆ! ನಮ್ಮ ಧರ್ಮರಾಯನೂ ಒಮ್ಮೆ ಪಾರಾಗಿ ಎರಡನೆಯ ದ್ಯೂತಕ್ಕೆ ಮರಳಿದವನೇ. ಅವನನ್ನಾದರೂ ಕರೆದಿದ್ದರು.

1866ರಲ್ಲಿ ಆತ ‘ಜೂಜುಗಾರ’ ಕಾದಂಬರಿಯನ್ನು 26 ದಿನಗಳಲ್ಲಿ ಹೇಳಿ ಬರೆಸಿದ. ಬರೆದುಕೊಂಡ ಶೀಘ್ರಲಿಪಿಗಾರ್ತಿ ಆನಾಳನ್ನು ಮರುವರ್ಷ ಮದುವೆಯಾದ. ಅದೇ ಬೇಸಗೆಯಲ್ಲಿ ಬಾಡೆನ್ ಬಾಡೆನ್ನಿನಲ್ಲಿ ಆಕೆಯ ಓಲೆಗಳೂ ಉಡುಪುಗಳೂ ಒತ್ತೆಗೆ ಹೋದವು. ಸೋತು ಬಂದು ಮೊಣಕಾಲೂರಿ ಕ್ಷಮೆ ಬೇಡುವುದು, ಉಳಿದ ನಾಣ್ಯಗಳನ್ನು ಕೇಳಿ ಪಡೆದು ಪುನಃ ಓಡುವುದು—ಇದು ಮನೋದೌರ್ಬಲ್ಯ ಮಾತ್ರವಲ್ಲ, ರೋಗವೆಂದೇ ಆನಾ ಮುಂದೆ ಬರೆದಳು. ಹಣಕ್ಕಿಂತ ಹೆಚ್ಚಾಗಿ ಆತನ ಮನಸ್ಸೇ ಪಣಕ್ಕೆ ಬಿದ್ದಿತ್ತೆಂದು ನನಗೆ ಕಾಣುತ್ತದೆ.

1871ರ ಏಪ್ರಿಲ್. ಡ್ರೆಸ್‌ಡೆನ್ನಿನಲ್ಲಿ ವಾಸ; ಬರವಣಿಗೆ ಸಾಗದೆ ಆತ ಕುಗ್ಗಿಹೋಗಿದ್ದ. ಹೀಗಾದರೂ ಹಗುರಾದಾನೆಂದು ಗರ್ಭಿಣಿ ಆನಾಳೇ ಹಣ ಕೊಟ್ಟು ವೀಸ್‌ಬಾಡೆನ್ನಿಗೆ ಕಳಿಸಿದಳು. (ಇದನ್ನು ವಿವೇಕವೆನ್ನಲೋ ಹತಾಶೆಯೆನ್ನಲೋ ಅರಿಯೆ.) ಎಲ್ಲವನ್ನೂ ಸೋತ. ಹಿಂದಿರುಗಲೆಂದು ಆಕೆ ಕಳಿಸಿದ 30 ಟಾಲರ್ ಕೂಡ ರಾತ್ರಿ ಒಂಬತ್ತೂವರೆಯ ವೇಳೆಗೆ ಹೋಯಿತು. ಹುಚ್ಚನಂತಾಗಿ, ರಷ್ಯನ್ ಪಾದ್ರಿಯೊಬ್ಬನನ್ನು ಕಾಣಲು ಅಪರಿಚಿತ ಬೀದಿಗಳ ಕತ್ತಲೆಯಲ್ಲಿ ಓಡಿದ. ತಮ್ಮ ಇಗರ್ಜಿಯೆಂದು ತಿಳಿದು ಬಳಿಸಾರಿದರೆ ಅದು ಯೆಹೂದ್ಯರ ಪ್ರಾರ್ಥನಾಮಂದಿರ! ಮೈಮೇಲೆ ತಣ್ಣೀರು ಸುರಿದಂತಾಯಿತಂತೆ. ಕೋಣೆಗೆ ಓಡಿಬಂದು ಹೆಂಡತಿಗೆ ಕಾಗದ ಬರೆದ: ಸುಮಾರು ಹತ್ತು ವರ್ಷ ಕಾಡಿದ ಭ್ರಮೆ ಹರಿದುಹೋಯಿತು, ಇನ್ನು ಆಡೆ, ಆದರೆ ಇನ್ನೂ 30 ಟಾಲರ್ ಕಳಿಸು.

ಆನಾ ತಟ್ಟನೆ ನಂಬಲಿಲ್ಲ. ಇಂತಹ ಮಾತು ಆಕೆಗೆ ಹೊಸದೇ? ಹಣವನ್ನು ಮಾತ್ರ ಕಳಿಸಿದಳು. ಈ ಸಲ ಆತ ನೇರವಾಗಿ ಮನೆಗೆ ಬಂದ.

ಜರ್ಮನಿಯ ಜೂಜುಕಟ್ಟೆಗಳು 1872ರ ಕೊನೆಗೆ ಮುಚ್ಚಿದವು. ಅದರಿಂದಲೇ ಚಟ ಬಿಟ್ಟಿತೆಂದು ವಾದಿಸಬಹುದು. ಆದರೆ ಅಷ್ಟರೊಳಗೆ ಆತ ಕೈಬಿಟ್ಟು ಒಂದೂವರೆ ವರ್ಷ ಕಳೆದಿತ್ತು. 1874ರಿಂದ ಎದೆಯ ಬೇನೆಗಾಗಿ ಎಮ್ಸ್ ಪಟ್ಟಣಕ್ಕೆ ನಾಲ್ಕು ಸಲ ಹೋದ. ಅಲ್ಲಿಯ ಊಟೆಯ ನೀರು ಕುಡಿದು, ಮನೆಗೆ ಉದ್ದುದ್ದ ಕಾಗದ ಬರೆದು, ಹಿಂದಿರುಗಿದ.